ಆಲೆಮನೆಗೆ ಗೇಟು

ಹಸಿರುಪಟ್ಟಿ ವರ್ಷ ನೂರ ಎಂಬತ್ತೊಂದು, ಎರಡನೆಯ ಮಾಗಿಯ ಮೂವತ್ತೈದನೆಯ ದಿನ.

ನಿಂಗಾಜಮ್ಮ ಅಜ್ಜಿಯವರಿಗೆ, ನಿಮ್ಮ ಮರಿಮಗನ ಮರಿಮಗಳು ದ್ಯಾವೀರಮ್ಮ ಮಾಡುವ ಶರಣು.

ಮೇಲಿನ ತಾರೀಖು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಕಾಲದಲ್ಲಿ ಚಳಿ ವರ್ಷಕ್ಕೆ ಎರಡು ಸಲ ಬಂದುಹೋಗುತ್ತದೆ, ತಿಂಗಳುಗಳು ತಮಗೆ ತೋಚಿದಷ್ಟು ಉದ್ದವಾಗುತ್ತವೆ. ವರ್ಷ ಎಣಿಸುವುದು ಮಾತ್ರ ನೀವು ಸಭೆಯಲ್ಲಿ ಎದ್ದು ನಿಂತು ಮಾತಾಡಿದ ದಿನದಿಂದ. ನನ್ನ ಕೆಲವು ಮಾತುಗಳು ನಿಮಗೆ ಅಪರಿಚಿತವಾಗಿ ಕೇಳಿಸಿದರೆ ಕ್ಷಮಿಸಬೇಕು. ನೀವು ಈಗ ನಲವತ್ತರ ಹೆಂಗಸು, ನಾನು ಅರವತ್ತು ದಾಟಿದವಳು. ಆದರೂ ಅಜ್ಜಿ ಅನ್ನದೆ ನಿಮ್ಮನ್ನು ಇನ್ನೇನೆಂದು ಕರೆಯಲಿ?

ಇಂಥ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಒಂದು ನಿಯಮ ಯಾರ ಕುತ್ತಿಗೆಗೆ ಬರುತ್ತದೋ ಅವರು, ಆ ನಿಯಮ ಬೇಕೆಂದು ಮೊದಲು ಕೇಳಿದವರಿಗೇ ಬರೆದುಕೊಳ್ಳಬಹುದು. ಕೇಳಿದವರು ಸತ್ತು ಎಷ್ಟು ಕಾಲವಾಗಿದ್ದರೂ ಅಡ್ಡಿಯಿಲ್ಲ. ಅವರು ನಿಂತು ಮಾತಾಡಿದ ಜಾಗದಲ್ಲೇ ಕಾಗದವನ್ನು ಗಟ್ಟಿಯಾಗಿ ಓದುತ್ತಾರೆ. ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ. ಮೇಲೆ ಹೋಗಿ ಕೇಳಲು ಬೇರೆ ಬಾಗಿಲಿಲ್ಲದ್ದರಿಂದ ಬರೆಯುತ್ತೇವೆ.

ನಿಮ್ಮ ಸಭೆ ಇನ್ನೂ ನಡೆದಿಲ್ಲವೆಂದು ನಂಬಿ ಹೇಳುತ್ತಿದ್ದೇನೆ. ತೋಟದ ಮನೆಯೆಂದು ಬೋರ್ಡು ಹಾಕಿ ಈಜುಕೊಳ ತೋಡಿದವರನ್ನು ನೀವು ನೋಡಿದ್ದೀರಿ. ಎರಡು ಹಸು ಕಟ್ಟಿ, ಅವುಗಳ ಪಕ್ಕದಲ್ಲೇ ಕಲ್ಯಾಣಮಂಟಪ ಎಬ್ಬಿಸಿದವರನ್ನೂ ನೋಡಿದ್ದೀರಿ. ಅದಕ್ಕೇ ನೀವು ರೇಗಿ ಆಡಲಿರುವ ಮಾತು ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ: “ಗಾಣ ಆಡ್ಸಿ, ಎಣ್ಣೆ ತೆಗೀರಿ, ರಾಗಿ ಬೀಸಿ, ಯಾರೂ ಬ್ಯಾಡ ಅನ್ನಾಕಿಲ್ಲ. ಈ ಮಣ್ಣಲ್ಲಿ ಬೆಳೆದದ್ರ ಕೆಲ್ಸ ಈ ಮಣ್ಣಲ್ಲೇ ಆಗ್ಲಿ. ಬಂದೋರ್ಗೆ ಉಣ್ಣಾಕಿಕ್ಕೋ ಯಾಪಾರ ಮಾತ್ರ ಬ್ಯಾಡ. ಇವತ್ತು ಎಲೆ ಹಾಸಾಕ್ ಬುಟ್ರೆ ನಾಳೆ ಹಾಸ್ಗೆ ಹಾಸ್ತಾರೆ!” ಅದೇ ಮಾತು ನಿಯಮವಾಯಿತು. ಹಸಿರುಪಟ್ಟಿಯೊಳಗೆ, ಅಂದರೆ ಬೇಸಾಯಕ್ಕೆಂದೇ ಉಳಿಸಿದ ಈ ನೆಲದೊಳಗೆ, ಬೆಳೆದದ್ದನ್ನು ಅರೆಯಬಹುದು, ಒಣಗಿಸಬಹುದು, ಕಾಯಿಸಬಹುದು. ಬಂದವರಿಗೆ ಏನನ್ನೂ ಬಡಿಸುವಂತಿಲ್ಲ.

ಆ ಮಾತಿಗಾಗಿ ನಿಮಗೆ ಕೈಮುಗಿಯುತ್ತೇನೆ. ಪಟ್ಟಿಯ ಆಚೆಗೆ ಎರಡೂ ಕಡೆ ಬಿಳಿಸೀಮೆಯಿದೆ. ಅಂದರೆ ಮಣ್ಣೆಲ್ಲ ಮುಚ್ಚಿಹೋಗಿ ಬರೀ ಕಟ್ಟಡವಾದ ಊರು. ಅಲ್ಲಿನ ಮಕ್ಕಳು ನಮ್ಮ ಗದ್ದೆಯ ಬದುವಿಗೆ ಬಂದರೆ ಮೊದಲು ಕಾಲಿನ ಚಪ್ಪಲಿ ಕಳಚುತ್ತಾರೆ, ಆಮೇಲೆ ಹೆದರಿ ಮತ್ತೆ ಹಾಕಿಕೊಳ್ಳುತ್ತಾರೆ. ಈ ಸೀಮೆಯಿಂದ ಆ ಸೀಮೆಗೆ ಹೋಗುವವರು ನಡೆದಾರಿಯಲ್ಲಿ ನಡೆದೇ ಹೋಗಬೇಕು, ಪಟ್ಟಿಯೊಳಗೆ ವಾಹನವಿಲ್ಲ. ದಾರಿಯುದ್ದಕ್ಕೂ ಕಬ್ಬು, ನಡುವೆ ನಾಲೆ, ನಾಲೆಯ ತಿರುವಿನಲ್ಲಿ ನಮ್ಮ ಆಲೆಮನೆ. ನೀವು ನೆಟ್ಟ ಕಂಬಗಳ ಮೇಲೆಯೇ ಈಗಲೂ ಮಾಡು ನಿಂತಿದೆ. ಗಾಣ ಬಿಸಿಲಿನಿಂದ ತಿರುಗುತ್ತದೆ, ಆದರೆ ಒಲೆಗೆ ಹಾಕುವುದು ಅದೇ ಒಣಗಿದ ಕಬ್ಬಿನ ಸಿಪ್ಪೆ. ಕೊಪ್ಪರಿಗೆಯಲ್ಲಿ ಪಾಕ ಏರುವ ಹೊತ್ತಿಗೆ ನಡೆದಾರಿಯ ಜನ ವಾಸನೆ ಹಿಡಿದು ಬಂದು ಕೂರುತ್ತಾರೆ. ಬಂದವರಿಗೆ ಕಬ್ಬಿನ ಹಾಲು, ಸೋಗೆಯ ತುಂಡಿನ ಮೇಲೆ ಒಂದು ಹಿಡಿ ಬಿಸಿ ಬೆಲ್ಲ. ದುಡ್ಡು ಕೇಳುವುದಿಲ್ಲ, ಹೆಸರು ಕೇಳುವುದಿಲ್ಲ. ಅಲ್ಲೇ ತಿನ್ನಬೇಕು, ಬೇಡ ಅನ್ನಬಾರದು. ಇದು ನಿಮ್ಮ ಕೈಯಿಂದಲೇ ಕಲಿತು ಬಂದದ್ದು ಎಂದು ಮನೆಯಲ್ಲಿ ಹೇಳುತ್ತಾರೆ. ಆಲೆಮನೆಗೆ ಬಾಗಿಲಿಡದಿರುವುದೂ ಅದಕ್ಕೇ.

ಹೋದ ವಾರ ಸೀಮೆಗಾರ ಹೊಂಬಾಳಯ್ಯ ಬಂದ. ಯಾವ ನೆಲದಲ್ಲಿ ಯಾವ ಕೆಲಸ ನಡೆಯಬಹುದೆಂದು ನೋಡಿ ಹೇಳುವವನಿಗೆ ಸೀಮೆಗಾರ ಎನ್ನುತ್ತೇವೆ. ಬಿಸಿಲಲ್ಲಿ ನಡೆದು ಬಂದಿದ್ದ, ಮುಖ ಬಾಡಿತ್ತು. ನಾನು ಯೋಚನೆ ಮಾಡಲೇ ಇಲ್ಲ. ಎಂದಿನಂತೆ ಸೋಗೆಯ ಮೇಲೆ ಬೆಲ್ಲವಿಟ್ಟು ಕೊಟ್ಟೆ. ಅವನೂ ಯೋಚಿಸಲಿಲ್ಲ, ಅವನಮ್ಮ ಕಲಿಸಿದ ಹಾಗೆ ಎರಡೂ ಕೈಯೊಡ್ಡಿ ತೆಗೆದುಕೊಂಡ. ಅರ್ಧ ತಿಂದ ಮೇಲೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ.

“ಅವ್ವಾ, ನೀವು ಕೊಟ್ರಿ, ನಾನು ತಿಂದ್ಬುಟ್ಟೆ. ಇದು ಬಡಿಸಿದಂಗೇ ಆಯ್ತಲ್ಲವ್ವಾ.”

“ಬ್ಯಾಡ ಅನ್ಬೈದಿತ್ತಲ್ಲಪ್ಪ!”

“ಆಲೆಮನೇಲಿ ಬ್ಯಾಡ ಅನ್ನಾಕಾಯ್ತದಾ?”

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಕಣ್ಣಾರೆ ಕಂಡದ್ದನ್ನು ಸುಳ್ಳೆನ್ನುವ ಜಾತಿಯವನಲ್ಲ. ಉಳಿದ ಬೆಲ್ಲವನ್ನೂ ತಿಂದು, ಕೈ ತೊಳೆದು, ನಾಲೆಯ ಏರಿಯ ಮೇಲೆ ಕೂತು ಆಜ್ಞೆ ಬರೆದ. ಆಲೆಮನೆಯ ಸುತ್ತ ಬೇಲಿ ಹಾಕಿ ಗೇಟು ಇಡಬೇಕು, ಹೊರಗಿನವರ ಕೈಗೆ ಏನನ್ನೂ ಕೊಡಬಾರದು, ಆಗ ಒಲೆ ಉರಿಯಬಹುದು. ಇಲ್ಲದಿದ್ದರೆ ಒಲೆ ಆರಿಸಬೇಕು. ಒಲೆ ಆರಿದರೆ ಈ ಸುತ್ತಿನ ಕಬ್ಬಿಗೆ ಬೇರೆ ಗಾಣವಿಲ್ಲ. ಗಾಣವಿಲ್ಲದ ಕಡೆ ಯಾರೂ ಕಬ್ಬು ನೆಡುವುದಿಲ್ಲ, ಪಾಳು ಬಿದ್ದ ಗದ್ದೆಯನ್ನು ಬಿಳಿಸೀಮೆಯವರು ಕೇಳದೆ ಬಿಡುವುದಿಲ್ಲ. ಆದ್ದರಿಂದ ಗೇಟಿಗೆ ಒಪ್ಪಿಕೊಂಡೆ. ಒಪ್ಪಿದ ದಿನದಿಂದ ನನಗೆ ಊಟ ಸೇರುತ್ತಿಲ್ಲ ಅಜ್ಜಿ. ಗೇಟಿನ ಒಳಗೆ ನಿಂತು, ಹೊರಗೆ ಬಾಯಾರಿ ನಿಂತವರ ಮುಖ ನೋಡುತ್ತಾ ಪಾಕ ತಿರುವುವುದು ಹೇಗೆಂದು ನನಗೆ ನಿಜವಾಗಿಯೂ ತಿಳಿಯುತ್ತಿಲ್ಲ.

ನಿಮ್ಮ ನಿಯಮವನ್ನು ಸಡಿಲಿಸಿ ಎಂದು ನಾನು ಕೇಳುವುದಿಲ್ಲ. ಸಡಿಲಿಸಿದರೆ ಈಜುಕೊಳದವರು ಮೊದಲು ನುಗ್ಗುತ್ತಾರೆ, ನನಗೆ ಅಷ್ಟು ಬುದ್ಧಿಯಿದೆ. ಆದರೆ ಎದ್ದು ನಿಂತಾಗ ಒಂದು ಮಾತು ಸೇರಿಸಿ: ದುಡ್ಡಿಲ್ಲದೆ, ದಾರಿಯಲ್ಲಿ ಬಂದವರ ಕೈಗೆ ಕೊಟ್ಟದ್ದು ವ್ಯಾಪಾರವಲ್ಲ. ನಿಮಗೆ ಇದು ಹೇಳಬೇಕಾದ ಮಾತು ಅನ್ನಿಸಿರಲಿಕ್ಕಿಲ್ಲ. ಬಂದವರಿಗೆ ಬೆಲ್ಲ ಕೊಡುವುದನ್ನು ಒಂದು ದಿನ ಯಾರಾದರೂ ವ್ಯಾಪಾರ ಅಂದಾರು ಎಂದು ನೀವು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟೂ ಇದೆ, ಅದೇ ಕಾರಣಕ್ಕೆ ಅಕ್ಕರೆಯೂ ಇದೆ.

ನೀವು ಆ ಮಾತು ಸೇರಿಸಿದ್ದರೆ ಈ ಕಾಗದ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಇಷ್ಟು ಬರೆದೂ ಕಾಗದ ಮಾಯವಾಗದೆ ನನ್ನ ಕೈಯಲ್ಲೇ ಇದೆ. ಇನ್ನೂ ಸ್ವಲ್ಪ ಹೊತ್ತು ಕಾಯುತ್ತೇನೆ.

ಹೊರಗೆ ಸದ್ದಾಗುತ್ತಿದೆ. ಗೇಟು ಬಂದಿದೆ. ಪಟ್ಟಿಯೊಳಗೆ ವಾಹನವಿಲ್ಲವಲ್ಲ, ಹೊಂಬಾಳಯ್ಯ ಮತ್ತು ಇನ್ನು ಮೂವರು ಅದನ್ನು ಹೆಗಲ ಮೇಲೆ ಹೊತ್ತು ನಡೆದು ಬಂದಿದ್ದಾರೆ. ಕಂಬಕ್ಕೊರಗಿಸಿ ನೆರಳಲ್ಲಿ ಕೂತಿದ್ದಾರೆ. ಗಾಣದ ಕಡೆ ನೋಡಬಾರದೆಂದು ನಾಲ್ಕೂ ಜನ ನೆಲ ನೋಡುತ್ತಿದ್ದಾರೆ, ಬೆವರು ಸುರಿಯುತ್ತಿದೆ. ಈಗತಾನೆ ಹಿಂಡಿದ ಕಬ್ಬಿನ ಹಾಲು ತಂಬಿಗೆಯಲ್ಲಿದೆ. ಗೇಟನ್ನು ಇನ್ನೂ ನಿಲ್ಲಿಸಿಲ್ಲ. ಕೊಡಲೋ ಬೇಡವೋ, ಬೇಗ ಹೇಳಿ ಅಜ್ಜಿ.