ಹಡಗಿನ ಇನಿಷಿಯಲ್

ಸೆಂಬವಾಂಗ್, ಸಿಂಗಾಪುರ
೧೨-೩-೨೦೧೪

ಅಣ್ಣಂಗೆ ನಮಸ್ಕಾರ. ಪಾಸ್‌ಪೋರ್ಟ್ ಫಾರಂ ಕೊಟ್ಟುಬಿಟ್ಯಾ? ಕೊಟ್ಟಿಲ್ಲದಿದ್ರೆ ಸ್ವಲ್ಪ ತಡಿ.

ಇವತ್ತು ಮಗಳ ಫ್ಲ್ಯಾಟ್ ಹತ್ತಿರ ವಾಕಿಂಗ್ ಹೋದಾಗ, ಬರೀ ಹುಲ್ಲು ಬೆಳೆದ ಬಯಲಿನ ಫೋಟೋ ತೆಗೀತಿದ್ದ ಹೆಂಗಸೊಬ್ಬಳು ಸಿಕ್ಕಳು. ನನ್ನ ಬಟ್ಲರ್ ಇಂಗ್ಲಿಷಲ್ಲೇ 'ಯಾವೂರಮ್ಮ?' ಅಂದೆ. ಹೆಸರು ಲಿಯೆನ್, ಹುಟ್ಟಿದ್ದು ವಿಯೆಟ್ನಾಂ, ಇರೋದು ನಾರ್ವೆ. ಇವಳು ಒಂಬತ್ತು ವರ್ಷದವಳಿದ್ದಾಗ, ಅಲ್ಲಿನ ಯುದ್ಧ ಆದಮೇಲೆ ದೇಶ ಬಿಟ್ಟು ದೋಣೀಲಿ ಓಡಿಬಂದಿದ್ದ ಇವಳನ್ನೂ ಮನೆಯವರನ್ನೂ 'ಹಾಲ್ದಿಸ್' ಅನ್ನೋ ನಾರ್ವೆ ಹಡಗು ನಡುಸಮುದ್ರದಲ್ಲಿ ಎತ್ತಿಕೊಂಡಿತಂತೆ. ಆಗ ಸಿಂಗಾಪುರದ ರೂಲು ಏನು ಗೊತ್ತಾ? 'ಇವರನ್ನ ನಾವು ಕರ್ಕೊಂಡು ಹೋಗ್ತೀವಿ' ಅಂತ ಹಡಗಿನ ದೇಶ ಬರೆದುಕೊಟ್ಟರೆ ಇಳೀಬಹುದು, ತೊಂಬತ್ತು ದಿನದೊಳಗೆ ಹೊರಡಬೇಕು. ನಾರ್ವೆ ಬರೆದುಕೊಟ್ಟಿತು! ಮುಖಾನೇ ನೋಡದವರಿಗೆ ಜಾಮೀನು ನಿಲ್ಲೋದು ಅಂದ್ರೆ ಸುಮ್ನೇನಾ? ಹಾಗೆ ಇಳಿದವರನ್ನ ಇಟ್ಟಿದ್ದ ಕ್ಯಾಂಪ್ ಇದ್ದದ್ದು ಆ ಬಯಲಲ್ಲೇ ಅಂತೆ.

ನಾನೂ ಹೇಳಿದೆ, ನಮ್ಮೂರು ಕುಂಬಳ್ಳಿ, ಅದು ಡ್ಯಾಮಿನ ಹಿನ್ನೀರಲ್ಲಿ ಮುಳುಗಿತು, ಉಳಿದಿರೋದು ಹೆಸರಿನ ಮುಂದಿನ 'ಕೆ' ಒಂದೇ, 'ಇಲ್ಲದ ಊರಿನ ಇನಿಷಿಯಲ್ ಯಾಕೆ' ಅಂತ ನಮ್ಮಣ್ಣ ಪಾಸ್‌ಪೋರ್ಟಿಂದ ಅದನ್ನೂ ತೆಗೆಸ್ತಿದಾನೆ ಅಂತ. ಅವಳು ಸ್ವಲ್ಪ ಯೋಚಿಸಿ, 'ಹಾಗಾದ್ರೆ ನನ್ನ ಇನಿಷಿಯಲ್ ಆ ಹಡಗಿಂದು' ಅಂದಳು.

ಮಂಡಿನೋವು ಪರವಾಗಿಲ್ಲ, ಮಾತ್ರೆ ಇನ್ನೂ ಹತ್ತು ದಿನಕ್ಕಿದೆ. 'ಕೆ' ತೆಗೆಸಿದ್ರೆ ನನ್ನ ಮಾತಾಡಿಸಬೇಡ. ಕೆಳಗಿನ ಸೊಟ್ಟ ಅಕ್ಷರ ಅವಳದೇ, ನಿನಗೆ ಬರೆಯೋಕೆ ಚೀಲದಲ್ಲಿಟ್ಟುಕೊಂಡಿದ್ದ ಈ ಖಾಲಿ ಕಾಗದ ಕೊಟ್ಟು, ಕನ್ನಡ ಅಕ್ಷರ ತೋರಿಸಿ ನಾನೇ ಬರೆಸಿದ್ದು.

ನಿನ್ನ ತಂಗಿ,
ಕೆ. ವಾಗ್ದೇವಿ

ಎಚ್. ಲಿಯೆನ್