ಕಂಡಕ್ಟರ್ ಇಲ್ಲದ ಬಸ್ಸು

೧೨ ಮಾರ್ಚ್, ಭಾನುವಾರ

ಪ್ರೀತಿಯ ವಿಷಲಪ್ಪಾ,

ನಾವಿಬ್ಬರೂ ಕ್ಷೇಮ. ಬಂದು ನಾಲ್ಕು ತಿಂಗಳಾದರೂ ಒಂದು ಕಾಗದ ಹಾಕಲಿಲ್ಲ ಅಂತ ಡಿಪೋ ತುಂಬ ನನ್ನ ಮಾನ ಕಳೆದಿರುತ್ತೀಯ. ಬಯ್ಯಿ, ಬಯ್ಯಿಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ. ಇವರು ಇಟ್ಟುಕೊಳ್ಳುತ್ತಾರೋ ವಾಪಸ್ ಅಟ್ಟುತ್ತಾರೋ ಗೊತ್ತಾಗುವವರೆಗೆ ಬರೆಯಬಾರದು ಅಂತ ಹಟ ಹಿಡಿದಿದ್ದೆ. ಈಗ ಕೇಳು, ಎರಡು ವರ್ಷಕ್ಕೆ ಕೆಲಸ ಗಟ್ಟಿಯಾಯಿತು! ಹದಿನೆಂಟು ವರ್ಷ ನಿನ್ನ ವಿಷಲ್ಲಿಗೆ ಕುಣಿದವನು ಈಗ ಪರದೇಶದಲ್ಲಿ ಟೈ ಕಟ್ಟಿಕೊಂಡು ಬಸ್ಸು ಓಡಿಸುತ್ತಾನೆ.

ಮನೆ ಮೂರನೇ ಮಹಡಿಯಲ್ಲಿ. ಅಡುಗೆಮನೆಯ ಕಿಟಕಿಗೆ ಡಿಪೋದ ಗೇಟು ಕಾಣುತ್ತದೆ. ನನ್ನ ಬಸ್ಸು ಒಳಗೆ ಬಂದದ್ದು ನೋಡಿಯೇ ನಿನ್ನ ಅತ್ತಿಗೆ ಒಲೆ ಹಚ್ಚುವುದು. ಮೊದಲ ತಿಂಗಳು ಮೂಲೆ ಹಿಡಿದು ಕೂತಿದ್ದವಳು ಈಗ ಕೆಳಗಿನ ಮನೆಯ ಅಜ್ಜಿಯ ಜೊತೆ ಮೆಟ್ಟಿಲ ಮೇಲೆ ಗಂಟೆಗಟ್ಟಲೆ ಹರಟುತ್ತಾಳೆ. ಇವಳಿಗೆ ಅವರ ಭಾಷೆ ಬಾರದು, ಅಜ್ಜಿಗೆ ನಮ್ಮದು ಬಾರದು. "ಅದೇನು ಮಾತಾಡ್ತೀರೇ?" ಅಂದರೆ, "ಗಂಡಂದಿರ ವಿಷಯ. ಅದಕ್ಕೆ ಭಾಷೆ ಯಾಕೆ ಬೇಕು?" ಅನ್ನುತ್ತಾಳೆ.

ಬಸ್ಸಿನ ಕಥೆ ಕೇಳು. ಸ್ಟೇರಿಂಗು ಆ ಕಡೆ. ಇಂಡಿಕೇಟರ್ ಹಾಕಲು ಹೋದರೆ ವೈಪರ್ ಓಡುತ್ತಿತ್ತು. ಅದೆಲ್ಲ ವಾರದಲ್ಲಿ ಕೈಗೆ ಬಂತು. ಕೈಗೆ ಬರದೇ ಹೋದದ್ದು ಒಂದೇ. ಇಲ್ಲಿ ಕಂಡಕ್ಟರೇ ಇಲ್ಲ ಕಣೋ! ಬಾಗಿಲನ್ನು ನಾನೇ ಗುಂಡಿ ಒತ್ತಿ ಮುಚ್ಚಬೇಕು, ನಾನೇ ಹೊರಡಬೇಕು. ಮೊದಲ ದಿನ ಬಾಗಿಲು ಮುಚ್ಚಿ ಸುಮ್ಮನೆ ಕೂತುಬಿಟ್ಟೆ. ಹಿಂದೆ ಕಾರುಗಳ ಸಾಲು. ತರಬೇತಿಯ ಮೇಡಂ, "ಯಾಕೆ ಹೊರಡ್ತಿಲ್ಲ?" ಅಂದರು. ನನ್ನ ಹರಕುಮುರುಕು ಭಾಷೆಯಲ್ಲಿ, "ಯಾರೂ ವಿಷಲ್ ಊದಿಲ್ಲ" ಅಂದೆ. ಬಸ್ಸಿಗೆ ಬಸ್ಸೇ ನಕ್ಕಿತು. ಮೇಡಂ ನಗಲಿಲ್ಲ, ಪುಸ್ತಕದಲ್ಲಿ ಬರೆದುಕೊಂಡರು. ಇನ್ನೊಮ್ಮೆಯೂ ಹಾಗೇ ಆಯಿತು. ಮೂರನೇ ಸಲವಾದರೆ ಗಂಟುಮೂಟೆ ಕಟ್ಟಬೇಕೆಂದು ಎಚ್ಚರಿಸಿದರು.

ಕೊನೆಯ ಪರೀಕ್ಷೆಯ ದಿನ ಆಸ್ಪತ್ರೆಯ ಸ್ಟಾಪಿನಲ್ಲಿ ಬಾಗಿಲು ಮುಚ್ಚಿದೆ. ಮೇಡಂ "ಹೊರಡಿ" ಅಂದರು. ನನ್ನ ಕಾಲು ಕೇಳಲಿಲ್ಲ. "ಒಂದು ನಿಮಿಷ" ಅಂದು ಸೀಟು ಬಿಟ್ಟೆದ್ದು ಹಿಂದಕ್ಕೆ ಹೋದೆ. ಅವರು ಪೆನ್ನು ತೆಗೆದರು. ಹಿಂಬಾಗಿಲ ಹೊರಗೆ ಒಬ್ಬಳು ಬಸುರಿ. ಇಳಿದಾಗಿದೆ, ಆದರೆ ಮಣಿಕಟ್ಟಿಗೆ ಸುತ್ತಿಕೊಂಡ ಚೀಲದ ಪಟ್ಟಿ ಬಾಗಿಲಿಗೆ ಸಿಕ್ಕಿಕೊಂಡಿದೆ. ಕನ್ನಡಿಗೆ ಕಾಣುವ ಜಾಗವಲ್ಲ ಅದು. ಬಾಗಿಲು ತೆರೆದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಏನೇನೋ ಹೇಳಿದಳು, ಒಂದಕ್ಷರ ಅರ್ಥವಾಗಲಿಲ್ಲ, ಎಲ್ಲವೂ ತಿಳಿಯಿತು. ಮೇಡಂ ಬರೆದಿದ್ದನ್ನು ಹೊಡೆದುಹಾಕಿದರು. ಮರುವಾರ ನೋಟೀಸ್ ಬೋರ್ಡಿನಲ್ಲಿ ಬಂತು: ಆ ಸ್ಟಾಪಿನಲ್ಲಿ ಎಲ್ಲ ಡ್ರೈವರುಗಳೂ ಎದ್ದು ನೋಡಿಯೇ ಹೊರಡಬೇಕು. ನಾನಂತೂ ಆ ದಿನ ನೆಲದ ಮೇಲೆ ನಡೆಯಲಿಲ್ಲ ಅನ್ನು!

ನಿನ್ನ ಕಾಲು ಹೇಗಿದೆ? ಪಾಸ್ ಕೌಂಟರಿನಲ್ಲಿ ದಿನವಿಡೀ ಕೂತರೆ ಜೋಮು ಹಿಡಿಯುತ್ತದೆ, ನಡುನಡುವೆ ಎದ್ದು ನಾಲ್ಕು ಹೆಜ್ಜೆ ಹಾಕು. ನಿನ್ನ ಮನೆಯಾಕೆಗೆ, ನನ್ನ ತಂಗಿಗೆ, ನಾನು ಕೇಳಿದೆನೆಂದು ಹೇಳು. ಮಗಳಿಗೆ ನಮ್ಮಿಬ್ಬರ ಆಶೀರ್ವಾದ. ಅವಳು ಓದಿ ನಮ್ಮೆಲ್ಲರನ್ನೂ ಮೀರಿಸಲಿ.

ನಿನ್ನ,
ಡ್ರೈವರ್ ಸಾಹೇಬ

ತಾ.ಕ.: ಇಷ್ಟು ಹೊತ್ತು ಜಂಬ ಕೊಚ್ಚಿದ್ದು ಇದನ್ನು ಬರೆಯುವ ಧೈರ್ಯ ಬರಲಿ ಅಂತ. ಎರಡು ವರ್ಷದ ಹಿಂದೆ ನೀನು ಫುಟ್‌ಬೋರ್ಡಿನಿಂದ ಬಿದ್ದ ದಿನ ವಿಷಲ್ ಊದಿರಲಿಲ್ಲ. ನನಗೆ ಅವಸರವಿತ್ತು, ಹೊರಟುಬಿಟ್ಟೆ. ವಿಚಾರಣೆಯಲ್ಲಿ ನೀನು, "ನಾನೇ ಊದಿದೆ, ನಾನೇ ಜಾರಿದೆ" ಅಂತ ಬರೆದುಕೊಟ್ಟೆ. ನಾನು ಕತ್ತು ಬಗ್ಗಿಸಿ ಕೆಳಗೆ ಸಹಿ ಹಾಕಿದೆ. ತಪ್ಪು ನಿನ್ನದೆಂದು ಪರಿಹಾರವನ್ನೂ ಕೊಡಲಿಲ್ಲ. ನನಗೆ ಮಾತ್ರ ಒಂದೂ ಅಪಘಾತ ಮಾಡದವನು ಅಂತ ಸರ್ಟಿಫಿಕೇಟ್ ಸಿಕ್ಕಿತು. ಅದನ್ನು ನೋಡಿಯೇ ಇವರು ನನ್ನನ್ನು ಕರೆಸಿಕೊಂಡದ್ದು.

ಅಲ್ಲಿಯ ನಮ್ಮ ಡಿಪೋ ಮ್ಯಾನೇಜರಿಗೆ ನಡೆದದ್ದನ್ನೆಲ್ಲ ಬರೆದಿದ್ದೇನೆ. ಇಲ್ಲಿಯ ಕೆಲಸ ಹೋದರೆ ಹೋಗಲಿ. ನಿನ್ನ ಅತ್ತಿಗೆ ಆ ಕಾಗದ ಓದಿ ಅತ್ತಳು, ಆಮೇಲೆ ಸ್ಟಾಂಪು ಅವಳೇ ಅಂಟಿಸಿದಳು. ನಿನ್ನ ಕೈಗೆ ಕೊಟ್ಟರೆ ಹರಿದು ಹಾಕುತ್ತೀಯ ಅಂತ ಗೊತ್ತು. ಅದಕ್ಕೇ ಅದನ್ನು ನಿನ್ನೆಯೇ ನೇರವಾಗಿ ಅವರಿಗೇ ಪೋಸ್ಟ್ ಮಾಡಿದೆ.