ಕಂಬಳಿಯೊಳಗಿನ ಕತ್ತರಿ

೧೨ ಮಾರ್ಚ್, ಬುಧವಾರ

ಪಿಎಸ್‌ಐ ಸಾಹೇಬರ ಕೈ ಪಿಸ್ತೂಲಿಗೆ ಹೋದದ್ದು ಇನ್ನೂ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ಬೆಳಿಗ್ಗೆ ಕಣಗಲಾ ಹತ್ತಿರ ಗಾಡಿ ತಪಾಸಣೆಗೆ ನಿಂತಿದ್ದೆವು. ಬೈಕಿನಲ್ಲಿ ಬಂದ ಕುರಿಗಾರ ಸಿದ್ರಾಯನಿಗೆ ಸಾಹೇಬರು ಲೈಸೆನ್ಸ್ ಕೇಳಿದರು. ಅವನು ಹೆಗಲ ಕಂಬಳಿಯೊಳಗೆ ಕೈ ಹಾಕಿದ. ಮೊದಲು ಹೊರಬಂದದ್ದು ಉದ್ದನೆಯ ಕತ್ತರಿ. ಸಾಹೇಬರು ಪಿಸ್ತೂಲು ಎತ್ತಿಯೇ ಬಿಟ್ಟರು.

"ಸರ್, ತಡೀರಿ! ಕುರಿ ಉಣ್ಣೆ ಕತ್ತರಸೂ ಕತ್ರಿರೀ ಅದು!" ಎಂದು ನಡುವೆ ನುಗ್ಗಿದೆ. ನಮ್ಮಪ್ಪನೂ ಕತ್ತರಿ, ಕಾಗದ ಎಲ್ಲವನ್ನೂ ಒಂದೇ ಕಂಬಳಿಯಲ್ಲಿ ಸುತ್ತಿಡುತ್ತಾನೆ. ಕುರಿಗಾರರ ಮಗಳೊಬ್ಬಳು ಪೊಲೀಸಾಗಿ ಅಲ್ಲಿ ನಿಂತಿರದಿದ್ದರೆ? ಸಿಟ್ಟು ಇನ್ನೂ ಇಳಿದಿಲ್ಲ.

ಸಿದ್ರಾಯ ಓಡಲಿಲ್ಲ, ಕೈಮುಗಿಯಲೂ ಇಲ್ಲ. "ಲೈಸನ್ಸ್ ತೋರಿಸ್ತೇನ್ರಿ. ಆದ್ರ ಪಿಸ್ತೂಲ ಯಾಕ ತಗದ್ರಿ ಅಂತ ಬರದ ಕೊಡ್ರಿ" ಎಂದ.

ಅವನನ್ನೂ ಕರೆದುಕೊಂಡು ಠಾಣೆಗೆ ಬಂದೆವು. ವರದಿ ಬರೆದವಳು ನಾನೇ. ನಡೆದದ್ದನ್ನು ನಡೆದ ಹಾಗೆ ಬರೆದೆ. ಸಾಹೇಬರು ಎರಡು ಸಲ ಓದಿದರು.

"ಪಿಸ್ತೂಲಿನ ಮಾತು ಬೇಕೇನವಾ, ನಾಗರತ್ನಾ?"

"ಬೇಕ್ರಿ ಸರ್."

ಸಾಹೇಬರು ಸಹಿ ಹಾಕಿ, ಪ್ರತಿಯನ್ನು ಸಿದ್ರಾಯನಿಗೆ ತಾವೇ ಕೊಟ್ಟರು. ಅದನ್ನು ಮಡಿಚಿಡಲು ಅವನ ಕೈ ಮತ್ತೆ ಕಂಬಳಿಯೊಳಗೆ ಹೋಯಿತು.

ಸಾಹೇಬರ ಕೈ ಮೇಜಿನ ಮೇಲೆಯೇ ಇತ್ತು.